ಪಣಜಿಯಲ್ಲಿ ಒಂದೂವರೆ ಹಾಡಿನ ರಾತ್ರಿ

ಶುಕ್ರವಾರ

ಹುಬ್ಬಳ್ಳಿಯಿಂದ ಪಣಜಿಗೆ ನೇರ ಬಸ್ಸಿದೆ, ಹತ್ತಿ ಕೂತರೆ ಆಯಿತು. ಸೀಟು ಮಾತ್ರ ಎಡಗಡೆಯೋ ಬಲಗಡೆಯೋ, ಕಿಟಕಿ ಪಕ್ಕದ್ದೇ ಹಿಡಿಯಿರಿ. ರಾಮನಗರ ದಾಟಿದ ಮೇಲೆ ಅನಮೋಡ ಘಾಟು ಶುರುವಾಗುತ್ತದೆ. ಮಳೆ ನಿಂತು ಸುಮಾರು ದಿನ ಆಗಿದ್ದರೂ ಬಂಡೆಗಳ ಸಂದಿಯಿಂದ ಇನ್ನೂ ನೀರು ಜಿನುಗುತ್ತಿತ್ತು. ಕೆಲವು ತಿರುವುಗಳಲ್ಲಿ ಎದುರಿಗೆ ಅದಿರಿನ ಲಾರಿಯಷ್ಟು ದೊಡ್ಡ ಗಾಡಿ ಬಂದರೆ ನಮ್ಮ ಬಸ್ಸು ನಿಂತು, ಹಿಂದೆ ಸರಿದು, ದಾರಿ ಬಿಡಬೇಕಾಗುತ್ತಿತ್ತು. ಅಕ್ಕ ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ. ಮಾಮಾ ಧಾರವಾಡದಲ್ಲಿ ಕಣ್ಣು ಮುಚ್ಚಿದವರು ಘಾಟು ಇಳಿದು ಮೊಲೆಮ್ ಬಂದಾಗ ಎದ್ದು, "ಘಾಟ್ ಬಂತೇನೋ?" ಅಂತ ಕೇಳಿದರು.

ಈ ಪ್ರವಾಸ ಅಕ್ಕನ ಹಠದ್ದು. ಅವಳು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಪಣಜಿಯ ಫೊಂಟೇನ್ಹಸ್ ಬೀದಿಯ ಒಂದು ಹಳೇ ಮನೆಯನ್ನು ಬಾರ್ ಮಾಡಿದ್ದಾರಂತೆ. ಗೋಡೆ ತುಂಬ ಚಿತ್ರ, ಅಂಗಳದಲ್ಲಿ ಹಾಡು, ಯಾವ ದೊಡ್ಡ ಕಂಪನಿಯದ್ದೂ ಅಲ್ಲ, ಕಲೆ ಗೊತ್ತಿದ್ದವರು ಸೇರಿ ನಡೆಸುವ ಜಾಗ. ಹಾಗಂತ ಅವಳ ಫೋನಿನಲ್ಲಿ ಒಂದು ರೀಲ್ ಬಂದಿತ್ತು. ಅದನ್ನು ಅವಳು ನನಗೆ, ಮಾಮಾನಿಗೆ, ಕೊನೆಗೆ ನಮ್ಮ ಅವ್ವನಿಗೂ ತೋರಿಸಿದ್ದಳು. ಶನಿವಾರ ರಾತ್ರಿಗೆ ಟೇಬಲ್ ಕೂಡ ಹಿಡಿದಾಗಿತ್ತು.

ಪಣಜಿಯ ಬಸ್ ಸ್ಟ್ಯಾಂಡ್ ಪಾಟೋದಲ್ಲಿದೆ. ಅಲ್ಲಿಂದ ಓರೆಮ್ ಹಳ್ಳ ದಾಟಿದರೆ ಫೊಂಟೇನ್ಹಸ್. ಆಟೋ ಬೇಡವೇ ಬೇಡ, ಬ್ಯಾಗು ಹಗುರ ಇದ್ದರೆ ನಡೆದೇ ಹೋಗಬಹುದು. ಒಂದು ಕಡೆ ಅಲ್ಟಿನೋ ಗುಡ್ಡ, ಇನ್ನೊಂದು ಕಡೆ ಹಳ್ಳ, ನಡುವೆ ಸಣ್ಣ ಸಣ್ಣ ಓಣಿ. ಮನೆಗಳಿಗೆ ಹಳದಿ, ನೀಲಿ, ಇಟ್ಟಿಗೆ ಕೆಂಪು ಬಣ್ಣ, ಮೇಲೆ ಹಂಚಿನ ಮಾಡು, ಬೀದಿಗೆ ಚಾಚಿದ ಪುಟ್ಟ ಬಾಲ್ಕನಿ. 1843ರಲ್ಲಿ ಪೋರ್ಚುಗೀಸರು ಪಣಜಿಯನ್ನು ರಾಜಧಾನಿ ಮಾಡಿಕೊಂಡರು. ಅದಕ್ಕೂ ಮೊದಲು ಇಲ್ಲಿ ತೆಂಗಿನ ತೋಟವಿತ್ತು ಅಂತ ನಾವು ಇಳಿದುಕೊಂಡ ಮನೆಯ ಅಜ್ಜಿ ಹೇಳಿದರು. ಅವರ ಹಿಂದಿಯಲ್ಲಿ ಅರ್ಧ ಕೊಂಕಣಿ. ಮಾಮಾನ ತಾಯಿ ಕಾರವಾರದವರು, ಹಾಗಾಗಿ ಅವರಿಬ್ಬರ ಮಾತು ಚೆನ್ನಾಗಿ ಓಡಿತು. ನವೆಂಬರ್ 20ರ ಆಸುಪಾಸು ಸಿನಿಮಾ ಉತ್ಸವ ಶುರುವಾದರೆ ಈ ಬೀದಿಯಲ್ಲಿ ಒಂದು ರೂಮೂ ಸಿಗುವುದಿಲ್ಲ, ನೀವು ಮೊದಲೇ ಬಂದದ್ದು ಒಳ್ಳೆಯದಾಯಿತು ಅಂದರು.

ಓಣಿಗಳಲ್ಲಿ ಕಣ್ಣಿಗೆ ಬಿದ್ದ ಇನ್ನೊಂದು ವಿಷಯ, ಬಾಗಿಲುಗಳ ಪಕ್ಕದ ಬೋರ್ಡು. 'ಇದು ಜನ ವಾಸಿಸುವ ಮನೆ, ಫೋಟೋ ಶೂಟ್ ಬೇಡ.' ಬೋರ್ಡಿನ ಕೆಳಗೇ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ ಒಂದು ಜೋಡಿಯನ್ನು ಮೇಲಿನ ಕಿಟಕಿಯಿಂದ ಒಬ್ಬ ಹೆಂಗಸು ಬೈದು ಓಡಿಸಿದ್ದನ್ನೂ ನೋಡಿದೆವು. ಬೈಗುಳ ಕೊಂಕಣಿಯಲ್ಲಿತ್ತು. ಮಾಮಾ ಅರ್ಥ ಹೇಳಲಿಲ್ಲ, ಸುಮ್ನೆ ನಕ್ಕರು.

ಸಂಜೆ ಒಂದು ಸಣ್ಣ ತಾವೆರ್ನಾಕ್ಕೆ, ಅಂದರೆ ಊರವರು ಕುಡಿಯಲು ಬರುವ ಅಂಗಡಿಗೆ, ಹೋದೆವು. ನಾಲ್ಕು ಮೇಜು, ಒಂದು ಫ್ಯಾನು. ಗ್ಲಾಸು ತೊಳೆಯುತ್ತಿದ್ದ ಹುಡುಗ ನಮ್ಮ ಮಾತು ಕೇಳಿ ಹೊರಗೆ ಬಂದ. ಸವದತ್ತಿ ಕಡೆಯವನು.

"ತಮ್ಮಾ, ಉರಾಕ್ ಅದ ಏನು?" ಅಂದರು ಮಾಮಾ.

"ಈಗೆಲ್ಲಿ ಉರಾಕ್ರೀ? ಅದು ಮಾರ್ಚಿನಿಂದ ಮೇ ತನಕ ಅಷ್ಟ. ಗೇರಹಣ್ಣು ಮುಗೀತು ಅಂದ್ರ ಉರಾಕ್‌ನೂ ಮುಗೀತು. ಫೆನಿ ತಗೋರಿ."

ಅವನು ಎರಡು ಬೇಸಿಗೆ ಸತ್ತರಿ ಕಡೆಯ ಭಟ್ಟಿಯೊಂದರಲ್ಲಿ ಕೆಲಸ ಮಾಡಿದ್ದನಂತೆ. ಮರದಿಂದ ಕಿತ್ತ ಹಣ್ಣು ಬೇಡ, ತಾನಾಗಿ ಉದುರಿದ್ದೇ ಆಗಬೇಕು. ಅದನ್ನು ತುಳಿದು ರಸ ತೆಗೆದು, ಕೆಲವು ದಿನ ಹುಳಿ ಬರಲು ಬಿಡುತ್ತಾರೆ. ಒಂದು ಸಲ ಭಟ್ಟಿ ಇಳಿಸಿದರೆ ಉರಾಕ್, ಹಗುರ, ಹೆಚ್ಚೆಂದರೆ ಶೇಕಡ 15ರಷ್ಟು ಮದ್ಯ. ಅದನ್ನು ಮತ್ತೆ ಇಳಿಸಿದರೆ ಫೆನಿ, ಶೇಕಡ 40 ದಾಟುತ್ತದೆ. ಫೆನಿ ಬಾಟಲಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಉರಾಕ್ ಇಟ್ಟಷ್ಟೂ ಸಪ್ಪೆ. ಗೇರು ಫೆನಿಗೆ 2009ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ, ಬೇರೆ ಊರಿನಲ್ಲಿ ಮಾಡಿ ಆ ಹೆಸರಿನಲ್ಲಿ ಮಾರುವ ಹಾಗಿಲ್ಲ. ಗೇರು ಮರ ಮಾತ್ರ ಇಲ್ಲಿಯದಲ್ಲ, ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು.

ಫೆನಿಯ ವಾಸನೆ ನನಗೆ ಹಿಡಿಸಲಿಲ್ಲ. ನಿಂಬೆ ಸೋಡಾ ಹಾಕಿಕೊಂಡು ಹೇಗೋ ಒಂದು ಗ್ಲಾಸು ಮುಗಿಸಿದೆ. ಮಾಮಾನಿಗೆ ಅಂಥ ತೊಂದರೆ ಏನೂ ಆಗಲಿಲ್ಲ.

ಶನಿವಾರ

ಬೆಳಗ್ಗೆ ಎಬ್ಬಿಸಿದ್ದು ಪೋದೇರನ ಹಾರ್ನು. ಸೈಕಲ್ ಹಿಂದೆ ಬುಟ್ಟಿ, ಅದರ ಮೇಲೆ ನೀಲಿ ಪ್ಲಾಸ್ಟಿಕ್, ಒಳಗೆ ಬಿಸಿ ಬ್ರೆಡ್ಡು. ಪೊಯ್ ಅನ್ನುವುದನ್ನು ತಗೊಳ್ಳಿ. ಮೇಲೆ ತೌಡು ಅಂಟಿರುತ್ತದೆ, ಒಳಗೆ ಟೊಳ್ಳು, ಹರಿದರೆ ಹಬೆ ಬರುತ್ತದೆ. ಅಜ್ಜಿ ಅದರ ಜೊತೆ ಅಲಸಂದೆ ಕಾಳಿನ ಭಾಜಿ ಕೊಟ್ಟರು. ಏಳೂವರೆ ಆದರೆ ಪೋದೇರ ಮುಂದಿನ ಬೀದಿಗೆ ಹೋಗಿರುತ್ತಾನೆ, ತಡವಾಗಿ ಏಳುವವರಿಗೆ ಬೇಕರಿಯ ತಣ್ಣನೆಯ ಪಾವೇ ಗತಿ.

ಚರ್ಚಿನ ಅಂಕುಡೊಂಕು ಮೆಟ್ಟಿಲು ಹತ್ತಿ ಇಳಿದೆವು. ಹಳೇ ಸೆಕ್ರೆಟೇರಿಯಟ್ ಪಕ್ಕದ ಅಬ್ಬೆ ಫಾರಿಯಾ ಪ್ರತಿಮೆಯ ಎದುರು ಅಕ್ಕ ಬಹಳ ಹೊತ್ತು ನಿಂತಳು. ಫಾರಿಯಾ 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿದ ಪಾದ್ರಿ, ಪ್ಯಾರಿಸ್‌ನಲ್ಲಿ ಸಂಮೋಹನ ವಿದ್ಯೆಯಿಂದ ಹೆಸರು ಮಾಡಿದವನು. ಎರಡೂ ಕೈ ಚಾಚಿ ನಿಂತಿದ್ದಾನೆ, ಅವನ ಮುಂದೆ ಒಬ್ಬ ಹೆಂಗಸು ಹಿಂದಕ್ಕೆ ವಾಲುತ್ತಿದ್ದಾಳೆ. "ಆ ಕೈ ಬೆರಳು ನೋಡು, ಹೆಂಗ ತೆಗದಾರ" ಅಂದಳು ಅಕ್ಕ. ಗೊತ್ತಿಲ್ಲದವರಿಗೆ ಅದು ಕುತ್ತಿಗೆ ಹಿಸುಕುವ ಪ್ರತಿಮೆ ಅನ್ನಿಸುತ್ತದೆ, ಮಾಮಾನಿಗೂ ಹಾಗೇ ಅನ್ನಿಸಿತು.

ಬಿಸಿಲು ಜೋರಾಗಿತ್ತು. ನವೆಂಬರ್ ಅಂತ ಸ್ವೆಟರ್ ತಂದಿದ್ದ ಮಾಮಾ ಅದನ್ನು ಸೊಂಟಕ್ಕೆ ಕಟ್ಟಿಕೊಂಡೇ ತಿರುಗಿದರು. ಮಧ್ಯಾಹ್ನ ಮೀನಿನ ಥಾಲಿ, ಸೋಲ್ ಕಡಿ. ಆಮೇಲೆ ಅಕ್ಕ ನಮ್ಮನ್ನು ಅಜುಲೇಜು ಬರೆಯುವ ಒಬ್ಬ ಕಲಾವಿದರ ಕೋಣೆಗೆ ಎಳೆದುಕೊಂಡು ಹೋದಳು. ಮನೆಗಳ ಹೊರಗೆ ಹೆಸರು, ನಂಬರು, ಹಡಗು, ಹೂಬಳ್ಳಿ ಬರೆದ ನೀಲಿ ಬಿಳಿ ಟೈಲ್ಸ್ ಇರುತ್ತವಲ್ಲ, ಅವೇ. ಟೈಲ್ ಮೇಲೆ ಮೊದಲು ಬಿಳಿ ಗ್ಲೇಜ್ ಪುಡಿಯ ಪದರ ಬಳಿದಿರುತ್ತಾರೆ. ಅದು ಇನ್ನೂ ಸುಡದ ಪದರ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಕುಂಚ ಇಟ್ಟ ಕ್ಷಣಕ್ಕೆ ನೀರೆಲ್ಲ ಹೀರಿಕೊಂಡುಬಿಡುತ್ತದೆ. ಗೆರೆ ತಪ್ಪಿದರೆ ಅಳಿಸುವ ಹಾಗಿಲ್ಲ. ಬರೆಯುವಾಗ ಬೂದು ಬೂದಾಗಿ ಕಾಣುವ ಬಣ್ಣ ಗೂಡಿನಲ್ಲಿ ಸುಟ್ಟು ಬಂದ ಮೇಲೆ ಅಚ್ಚ ನೀಲಿ. ಅವರು ಅಕ್ಕನಿಗೆ ಒಂದು ಒಡೆದ ಚೂರು ಕೊಟ್ಟು ಗೆರೆ ಎಳೆಯಲು ಬಿಟ್ಟರು. ಅವಳ ಗೆರೆ ಎರಡು ಕಡೆ ಮುಗ್ಗರಿಸಿತು. ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಕಣ್ಣು ಮುಚ್ಚಿ ವೃತ್ತ ಬರೆಯುವ ಕೈ ಅದು!

ಎಂಟು ಗಂಟೆಗೆ ಸರಿಯಾಗಿ ಬಾರಿಗೆ ಹೋದೆವು. ಹೆಸರು ಬೇಡ, ಹುಡುಕಿದರೆ ಅಂಥವು ಮೂರ್ನಾಲ್ಕು ಸಿಗುತ್ತವೆ. ಹೊರಗಿನಿಂದ ನೋಡಿದರೆ ಖುಷಿಯಾಗುತ್ತಿತ್ತು. ಹಳೇ ಮರದ ಬಾಗಿಲು, ಚಿಪ್ಪಿನ ಚೂರು ಕೂರಿಸಿದ ಕಿಟಕಿ, ನಡುವೆ ತೆರೆದ ಅಂಗಳ, ಅಂಗಳದಲ್ಲಿ ಒಂದು ದೇವಕಣಗಿಲೆ ಮರ. ಬಾಗಿಲಲ್ಲಿದ್ದ ಹುಡುಗಿ ಪಟ್ಟಿ ನೋಡಿ, ನಮ್ಮ ಟೇಬಲ್ ಇನ್ನೂ ತಯಾರಾಗಿಲ್ಲ, ಐದು ನಿಮಿಷ ಅಂದಳು. ಒಳಗೆ ಹತ್ತು ಟೇಬಲ್ ಖಾಲಿ ಇದ್ದವು. ಅರ್ಧ ಗಂಟೆ ಗೋಡೆಗೆ ಒರಗಿ ನಿಂತೆವು. ಈ ನಡುವೆ ಮೂರು ಗುಂಪು ಬಂದು ಒಳಗೆ ಹೋಗಿ ಕೂತವು, ಅವರ ಕೈಯಲ್ಲಿ ಕ್ಯಾಮೆರಾ, ಲೈಟು ಎಲ್ಲ ಇದ್ದವು. ಕೊನೆಗೆ ನಮಗೆ ಸಿಕ್ಕಿದ್ದು ಅಡುಗೆಮನೆ ಬಾಗಿಲ ಪಕ್ಕದ ಜಾಗ. ಬಾಗಿಲು ತೆರೆದಾಗಲೆಲ್ಲ ಮಾಮಾನ ಕುರ್ಚಿಗೆ ತಾಗುತ್ತಿತ್ತು. ಆ ರಾತ್ರಿ ಅವರು ಕುರ್ಚಿಯನ್ನು ಎಷ್ಟು ಸಲ ಜರುಗಿಸಿದರೋ ದೇವರಿಗೇ ಗೊತ್ತು.

ಮೆನು ಒಂದು ಹಳೇ ಗ್ರಾಮಫೋನ್ ರೆಕಾರ್ಡಿನ ಕವರಿನೊಳಗೆ. ಅಕ್ಷರ ಇಷ್ಟು ಸಣ್ಣ, ಬೆಳಕು ಅದಕ್ಕಿಂತ ಕಮ್ಮಿ. ನಾನು ಮೊಬೈಲ್ ಟಾರ್ಚ್ ಹಾಕಿ ಓದಿದೆ. ಮೊದಲ ಹೆಸರೇ 'ತಾಜಾ ಉರಾಕ್ ಕಾಕ್‌ಟೇಲ್', 750 ರೂಪಾಯಿ.

ಮಾಮಾ ಕನ್ನಡಕ ಸರಿ ಮಾಡಿಕೊಂಡರು. ಬಂದ ಹುಡುಗನಿಗೆ ಹಿಂದಿಯಲ್ಲಿ ಕೇಳಿದರು, "ಈಗ ಗೇರು ಹಣ್ಣು ಎಲ್ಲಿ ಸಿಗುತ್ತೆ?"

"ಸೀಸನ್ ಸ್ಪೆಷಲ್ ಸರ್."

"ಯಾವ ಸೀಸನ್?"

"ಟೂರಿಸ್ಟ್ ಸೀಸನ್ ಸರ್."

ಆ ಉತ್ತರಕ್ಕೆ ಮಾಮಾ ಎಷ್ಟು ನಕ್ಕರೆಂದರೆ, ಅದಕ್ಕೇ ಒಂದನ್ನು ತರಿಸಿದರು. ಬಂದದ್ದು ಎತ್ತರದ ಗ್ಲಾಸಿನಲ್ಲಿ ತುಂಬ ಐಸು, ಮೇಲೆ ಒಂದು ಹಸಿಮೆಣಸಿನಕಾಯಿ, ಒಂದು ಸುಟ್ಟ ರೋಸ್‌ಮೆರಿ ಕಡ್ಡಿ. ಉರಾಕಿನ ವಾಸನೆ ಇಲ್ಲ, ಫೆನಿಯದ್ದೂ ಇಲ್ಲ. ನಿಂಬೆ ಶರಬತ್ತು ಅನ್ನಿ, ನಡೆಯುತ್ತದೆ. ಅಕ್ಕನ ಕೋಕಂ ಸೋಡಾದಲ್ಲಿ ಸಕ್ಕರೆ ಜಾಸ್ತಿ. ತಿನ್ನಲು ಹೇಳಿದ ಸೀಗಡಿ ಮುಕ್ಕಾಲು ಗಂಟೆ ಆದ ಮೇಲೆ ಬಂತು. ತಟ್ಟೆ ಅಗಲ ಇತ್ತು, ಸೀಗಡಿ ಐದು ಇದ್ದವು. ಜೊತೆಗೆ ಒಂದು ಚೀಟಿ, ಅದರಲ್ಲಿ ಆ ತಿನಿಸಿಗೆ ಪ್ರೇರಣೆ ಕೊಟ್ಟ ಅಲೆಯ ಬಗ್ಗೆ ನಾಲ್ಕು ಸಾಲಿನ ಕವಿತೆ.

ಆ ಹೊತ್ತಿಗೆ ಅಕ್ಕ ಎದ್ದು ಗೋಡೆ ನೋಡಲು ಹೋಗಿದ್ದಳು. ನನ್ನನ್ನು ಕೈ ಮಾಡಿ ಕರೆದಳು. ಬಾರ್ ಕೌಂಟರಿನ ಮುಂಭಾಗಕ್ಕೆಲ್ಲ ಅಜುಲೇಜು, ಹಡಗು, ಮೀನು, ಹೂವಿನ ಕುಂಡ. ಅವಳು ಒಂದು ಟೈಲ್ ಮೂಲೆಗೆ ಉಗುರು ತಾಗಿಸಿದಳು. ಮೂಲೆ ಎದ್ದು ಬಂತು. ಕೆಳಗೆ ಪ್ಲೈವುಡ್ಡು.

"ಸ್ಟಿಕ್ಕರ್ ಅದನೋ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಮಕ್ಕಳ ಹೋಂವರ್ಕ್ ಕಾಪಿ ಹಿಡಿದಾಗ ಬರುವ ದನಿ ಅದು. ಬೆರಳಿನಿಂದ ಒತ್ತಿ ಅದನ್ನು ಮತ್ತೆ ಅಂಟಿಸಿದಳು. ಗೋಡೆಯ ಮೇಲಿನ ಚಿತ್ರಗಳೂ ಅಷ್ಟೇ. ದಪ್ಪ ಮೂಗಿನ ಪಾದ್ರಿ, ಛತ್ರಿ ಹಿಡಿದ ಅಜ್ಜಿ, ಬಾರಿನಲ್ಲಿ ನಿದ್ದೆ ಹೋದ ಗಿರಾಕಿ, ಎಲ್ಲ ಗೋವಾದ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಅವರ ಗೆರೆಯನ್ನು ನೋಡಿ ಯಾರೋ ಬರೆದು, ಕ್ಯಾನ್ವಾಸಿನ ಮೇಲೆ ಪ್ರಿಂಟ್ ಹೊಡೆಸಿದ್ದು. ಒಂದೇ ಪಾದ್ರಿ ಮೂರು ಗೋಡೆಯಲ್ಲಿದ್ದ. ಮಾರಿಯೋ ಚಿತ್ರದಲ್ಲಿ ಮೂಲೆಯ ನಾಯಿಗೂ ಒಂದು ಕೆಲಸ ಇರುತ್ತದೆ. ಇಲ್ಲಿನ ನಾಯಿಗಳು ಖಾಲಿ ಜಾಗ ತುಂಬಿಸಲು ಬಂದಿದ್ದವು.

ಕೈಯಿಂದ ಬರೆದದ್ದು ಆ ಮನೆಯಲ್ಲಿ ಒಂದೇ ಒಂದು ಇತ್ತು. ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ, ಕೈ ತೊಳೆಯುವ ಬೇಸಿನ್ ಪಕ್ಕ, ಪೋಸ್ಟ್‌ಕಾರ್ಡಿಗಿಂತ ಸ್ವಲ್ಪ ದೊಡ್ಡ ಜಲವರ್ಣ. ಮಳೆಯಲ್ಲಿ ಒಂದು ದೋಣಿ ಕಟ್ಟೆ. ನೀರು ಸಿಡಿದು ಒಂದು ಅಂಚು ಉಬ್ಬಿತ್ತು. ಅಕ್ಕ ಅಲ್ಲೇ ನಿಂತುಬಿಟ್ಟಳು, ಹಿಂದೆ ಕ್ಯೂ ಬೆಳೆಯಿತು. ಯಾರು ಬರೆದದ್ದು ಅಂತ ಕೌಂಟರಿನವನನ್ನು ಕೇಳಿದರೆ, "ಮೊದಲಿನ ಓನರ್ ಇಟ್ಟಿದ್ದು ಇರಬೇಕು" ಅಂದ. ಆಮೇಲೆ ಮಾತಿನ ನಡುವೆ ತಿಳಿದದ್ದು, ಕಲಾವಿದರು ಸೇರಿ ಶುರು ಮಾಡಿದ್ದು ನಿಜವೇ, ಆದರೆ ಅವರು ಬಿಟ್ಟುಹೋಗಿ ಬಹಳ ಕಾಲ ಆಗಿದೆಯಂತೆ. ರೀಲ್ ಮಾತ್ರ ಇನ್ನೂ ಓಡುತ್ತಿದೆ.

ಇಷ್ಟಾದರೂ ನಾವು ಏಳಲಿಲ್ಲ. ಹಾಡು ಬಾಕಿ ಇತ್ತಲ್ಲ. ಎಂಟಕ್ಕೆ ಫಾದೋ ಮತ್ತು ಮಾಂಡೋ ಅಂತ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು. ಫಾದೋ ಪೋರ್ಚುಗೀಸರ ಹಾಡು, ಮಾಂಡೋ ಗೋವಾದ ಕೊಂಕಣಿ ಹಾಡು. ಒಂಬತ್ತಕ್ಕೆ ಗಾಯಕಿ, ಗಿಟಾರಿನವರು, ಪಿಟೀಲಿನವರು, ಘುಮಟ್ ಅನ್ನುವ ತಾಳವಾದ್ಯ ಹಿಡಿದ ಒಬ್ಬ ಹಿರಿಯರು ಬಂದರು. ಮೈಕು ಕೀಂ ಅಂದಿತು. ವೈರು ಸಿಗಲಿಲ್ಲ. ಯಾರೋ ಓಡಿ ಹೋಗಿ ವೈರು ತಂದರು. ಹಾಡು ಶುರುವಾದಾಗ ಹತ್ತಕ್ಕೆ ಹದಿನೈದು ನಿಮಿಷ ಬಾಕಿ.

ಮೊದಲು ಒಂದು ಫಾದೋ. ಪದ ಒಂದೂ ತಿಳಿಯದಿದ್ದರೂ ಗಂಟಲು ಎಂಥದ್ದು ಅಂತ ತಿಳಿಯಿತು. ಅಡುಗೆಮನೆಯ ಬಾಗಿಲು ಕೂಡ ಆ ಹಾಡಿನ ಹೊತ್ತು ಸುಮ್ಮನಿತ್ತು. ಆಮೇಲೆ ಮಾಂಡೋ. ನಿಧಾನಕ್ಕೆ ಎದ್ದು, ಪಿಟೀಲು ಸೇರಿ, ಘುಮಟ್ ಇನ್ನೇನು ಲಯ ಹಿಡಿಯಿತು ಅನ್ನುವಾಗ ಮ್ಯಾನೇಜರ್ ಬಂದು ಮೈಕು ಆರಿಸಿದ. ಹತ್ತು ಗಂಟೆ. ಗೋವಾದಲ್ಲಿ ಮಾತ್ರವಲ್ಲ, 2000ನೇ ಇಸವಿಯ ನಿಯಮದಂತೆ ದೇಶದಲ್ಲೆಲ್ಲ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸುತ್ತ ಜನರ ಮನೆ ಇವೆ, ನಿಯಮ ಸರಿಯೇ. ಆದರೆ ಆ ಹತ್ತು ಗಂಟೆ ಪ್ರತಿ ರಾತ್ರಿಯೂ ಬರುತ್ತದೆ ಅಂತ ಅವರಿಗೆ ಗೊತ್ತಿರಬೇಕಲ್ವಾ? ಗೋವಾದಲ್ಲಿ ರಾತ್ರಿ ಹಾಡು ಕೇಳಲು ಹೋಗುವವರು ಅಂಗಳವೋ ಒಳಕೋಣೆಯೋ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ, ಅಂಗಳವಾದರೆ ಎಷ್ಟಕ್ಕೆ ಶುರು ಅಂತ ಗಟ್ಟಿ ಮಾಡಿಕೊಳ್ಳಿ.

ಮೈಕು ಇಲ್ಲದೆ ಹಾಡಬಹುದಿತ್ತು. ಗಾಯಕಿ ಹಾಗೇ ಕೇಳಿದರು ಕೂಡ. ಮ್ಯಾನೇಜರ್ ತಲೆ ಆಡಿಸಿದ. ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನಿಂದ ಢಂ ಢಂ ಶುರುವಾಯಿತು.

ಬಿಲ್ಲಿನಲ್ಲಿ ತಲೆಗೆ 500 ರೂಪಾಯಿಯಂತೆ ಸಂಗೀತ ಶುಲ್ಕ. ಮಾಮಾ ಬಿಲ್ಲನ್ನು ಎರಡು ಸಲ ಓದಿ, "ಒಂದೂವರೆ ಹಾಡಿಗೆ ಒಂದೂವರೆ ಸಾವಿರ. ಲೆಕ್ಕ ಬರೋಬ್ಬರಿ ಅದ," ಅಂತ ಕೊಟ್ಟುಬಿಟ್ಟರು. ನಾನು ವಾದ ಮಾಡುವವನಿದ್ದೆ, ಅಕ್ಕ ಮೊಣಕೈ ಹಿಡಿದು ಎಳೆದಳು.

ಹೊರಗೆ ಓಣಿಯಲ್ಲಿ ಘುಮಟ್ ಹಿರಿಯರು ಸ್ಕೂಟರಿಗೆ ವಾದ್ಯ ಕಟ್ಟುತ್ತಿದ್ದರು. ಮಾಮಾ ಕೊಂಕಣಿಯಲ್ಲಿ ಮಾತಿಗಿಳಿದರು. ಅವರಿಗೆ ಬರಹೇಳಿದ್ದೇ ಒಂಬತ್ತಕ್ಕಂತೆ. ಎಂಟು ಅಂತ ಹಲಗೆಯಲ್ಲಿ ಬರೆದದ್ದು ಜನ ಬೇಗ ಬಂದು ಕುಡಿಯಲಿ ಅಂತ. "ನಿಮಗೂ ಅರ್ಧ, ನಮಗೂ ಅರ್ಧ," ಅಂದರು, ಅವರ ಸಂಭಾವನೆಯನ್ನೂ ಕಡಿಮೆ ಮಾಡಿದ್ದರಂತೆ. ಅಕ್ಕ ಘುಮಟ್ ಮುಟ್ಟಿ ನೋಡಬಹುದಾ ಅಂದಳು. ಕಟ್ಟಿದ ಹಗ್ಗ ಬಿಚ್ಚಿ ಅವಳ ಕೈಗೇ ಕೊಟ್ಟರು. ಮಣ್ಣಿನ ಗಡಿಗೆ, ಎರಡೂ ಕಡೆ ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿದಿದೆ, ಸಣ್ಣ ಬಾಯಿ ತೆರೆದಿದೆ. ಬಲಗೈ ಚರ್ಮದ ಮೇಲೆ ಹೊಡೆಯುವಾಗ ಎಡಗೈ ಆ ಸಣ್ಣ ಬಾಯಿಯನ್ನು ಮುಚ್ಚಿ ತೆಗೆದು ಮಾಡುತ್ತದೆ, ನಾದ ಏರಿಳಿಯುವುದು ಅದರಿಂದಲೇ. ಮೊದಲು ಉಡದ ಚರ್ಮ ಹಾಕುತ್ತಿದ್ದರು. ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ, ಈಗ ಆಡಿನ ಚರ್ಮ. ಹೀಗೆ ಬದಲಾದ ಮೇಲೇ 2019ರಲ್ಲಿ ಸರ್ಕಾರ ಘುಮಟನ್ನು ಗೋವಾದ ಪಾರಂಪರಿಕ ವಾದ್ಯ ಅಂತ ಘೋಷಿಸಿತು. ಉಡದ ಚರ್ಮದ ದನಿಯೇ ಬೇರೆ ಅಂತ ಅವರು ಹೇಳಿ, ತಕ್ಷಣ ಆಚೀಚೆ ನೋಡಿದರು.

ಅಕ್ಕ ಎರಡು ಪೆಟ್ಟು ಹಾಕಿದಳು. ಮೇಲಿನ ಕಿಟಕಿ ತೆರೆಯಿತು. ನಿನ್ನೆಯ ಹೆಂಗಸೇ! ನಾವು ಜಾಗ ಖಾಲಿ ಮಾಡಿದೆವು.

ಹೊಟ್ಟೆ ಚುರುಗುಟ್ಟುತ್ತಿತ್ತು. ರೋಸ್ ಆಮ್ಲೆಟ್ ಗಾಡಿ ಹುಡುಕಿ ಹೋದರೆ ರೋಸ್, ಅಂದರೆ ಆಮ್ಲೆಟ್ ಮೇಲೆ ಸುರಿಯುವ ಮಸಾಲೆ ಸಾರು, ಮುಗಿದಿತ್ತು. ಬರೀ ಆಮ್ಲೆಟ್ಟು, ಪಾವು, ಈರುಳ್ಳಿ ಚೂರು. ಅದಕ್ಕೂ ಉಪ್ಪು ಸ್ವಲ್ಪ ಜಾಸ್ತಿಯೇ ಆಗಿತ್ತು.

ಭಾನುವಾರ

ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡೆವು. ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇದೆಯಾ ನೋಡಿಕೊಳ್ಳಿ, ಬಿಳಿ ಪ್ಲೇಟಿನ ಗಾಡಿ ಬಾಡಿಗೆಗೆ ಕೊಡುವಂತಿಲ್ಲ, ಪೊಲೀಸರು ಹಿಡಿದರೆ ರಗಳೆ. ಪಣಜಿಯಿಂದ ರಿಬಂದರ್‌ಗೆ ಹೋಗುವ ರಸ್ತೆ ನೀರಿನ ಅಂಚಿನಲ್ಲೇ ಸಾಗುತ್ತದೆ, 1630ರ ದಶಕದಲ್ಲಿ ಪೋರ್ಚುಗೀಸರು ಕಟ್ಟಿಸಿದ ಉದ್ದನೆಯ ಸೇತುವೆದಾರಿ ಅದು. ಒಂದು ಕಡೆ ಉಪ್ಪಿನ ಗದ್ದೆ, ಇನ್ನೊಂದು ಕಡೆ ಮಾಂಡೋವಿ. ಖಾನಾಪುರದ ಕಾಡಿನಲ್ಲಿ ನಮ್ಮ ಮಹದಾಯಿ ಆಗಿ ಹುಟ್ಟುವ ಹೊಳೆ ಇಲ್ಲಿ ಕ್ಯಾಸಿನೋ ಹಡಗು ಹೊರುವಷ್ಟು ಅಗಲವಾಗಿದೆ. ಇದೇ ನೀರಿಗಾಗಿ ನವಲಗುಂದ, ನರಗುಂದದವರು ರಸ್ತೆಯಲ್ಲಿ ಕೂತದ್ದು ನೆನಪಾಗಿ ಮಾಮಾ ಏನೋ ಹೇಳಲು ಹೊರಟರು. ಪಕ್ಕದಲ್ಲಿ ಗೋವಾದವರಿದ್ದರು, ಅಕ್ಕ ಕಣ್ಣಲ್ಲೇ ತಡೆದಳು.

ರಿಬಂದರ್‌ನಿಂದ ಚೋಡಣ ದ್ವೀಪಕ್ಕೆ ಫೆರಿ. ನಾವು ಹೋದಾಗ ನಡೆದು ಹತ್ತುವವರಿಗೆ ದುಡ್ಡಿರಲಿಲ್ಲ. ಆಚೆ ದಡ ಇಳಿದ ಕೂಡಲೇ ಸಲೀಂ ಅಲಿ ಪಕ್ಷಿಧಾಮ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು ಕೆಸರಿನಿಂದ ಮೊಳೆಗಳ ಹಾಗೆ ಎದ್ದು ನಿಂತಿರುತ್ತವೆ. ಭರತ ಇಳಿದಾಗ ಹೋದರೆ ಕೆಸರಿನಲ್ಲಿ ಓಡಾಡುವ ಕೆಸರುಮೀನುಗಳೂ ಕಾಣುತ್ತವೆ. ನಾವು ಹೋದಾಗ ನೀರು ತುಂಬಿತ್ತು. ಎರಡು ಮಿಂಚುಳ್ಳಿ, ಬೆಳ್ಳಕ್ಕಿಗಳ ಒಂದು ಸಾಲು, ಲೆಕ್ಕ ಹಾಕಲಾಗದಷ್ಟು ಸೊಳ್ಳೆ. ಅಕ್ಕ ಕಟ್ಟೆಯ ಮೇಲೆ ಕೂತು ಚಿತ್ರ ತೆಗೆದಳು. ಬೇಸಿನ್ ಪಕ್ಕದ ಆ ಚಿತ್ರದ ದೋಣಿ ಕಟ್ಟೆ ಇದೇ ಇರಬಹುದಾ ಅಂತ ಫೆರಿಯವನಿಗೆ ಫೋಟೋ ತೋರಿಸಿದಳು. ಅವನು ದಿಟ್ಟಿಸಿ ನೋಡಿ, ಗೋವಾದಲ್ಲಿ ಎಲ್ಲಾ ಕಟ್ಟೆಯೂ ಮಳೆಯಲ್ಲಿ ಹೀಗೇ ಕಾಣುತ್ತದೆ ಅಂದ.

ಮೂರು ಗಂಟೆಯ ಬಸ್ಸು ನಾಲ್ಕಕ್ಕೆ ಬಂತು. ಅನಮೋಡ ಹತ್ತುವಾಗ ಕತ್ತಲೆ. ಚೆಕ್‌ಪೋಸ್ಟಿನಲ್ಲಿ ಅಬಕಾರಿಯವರು ಬ್ಯಾಗುಗಳನ್ನು ಬಿಚ್ಚಿಸಿದರು. ಮುಂದಿನ ಸೀಟಿನ ಹುಡುಗರ ಎರಡು ಬಾಟಲಿ ಹೋದವು, ಅವರ ಬಳಿ ಪರ್ಮಿಟ್ ಇರಲಿಲ್ಲ. ನಮ್ಮ ಬ್ಯಾಗಿನಲ್ಲಿ ಸಿಕ್ಕಿದ್ದು ಮಾಮಾನ ಸ್ವೆಟರು, ಬೆಬಿಂಕಾ ಅನ್ನುವ ಗೋವಾದ ಸಿಹಿತಿಂಡಿಯ ಡಬ್ಬಿ, ಅಕ್ಕ ಗೆರೆ ಎಳೆದ ಟೈಲ್ ಚೂರು. ಆ ಚೂರನ್ನು ಅಧಿಕಾರಿ ತಿರುಗಿಸಿ ತಿರುಗಿಸಿ ನೋಡಿದ. "ಇದೇನ್ರೀ?"

"ನಾ ಬರದದ್ದು," ಅಂದಳು ಅಕ್ಕ.

"ಚಲೋ ಬಂದಿಲ್ಲಲ್ರೀ."

ಬಸ್ಸಿಗೆ ಬಸ್ಸೇ ನಕ್ಕಿತು. ರಾಮನಗರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮಾಮಾ ಮಿರ್ಚಿ ಭಜಿ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತರು. "ಏಪ್ರಿಲ್‌ನಾಗ ಶನಿವಾರ ಯಾವ ತಾರೀಖಿಗೆ ಬರ್ತಾವ ನೋಡಪಾ. ಉರಾಕ್ ಕುಡಿಯೂದು ಬಾಕಿ ಅದ."

"ಮೊದಲು ಮನಿ ಮುಟ್ಟೂಣು ನಡೀರಿ," ಅಂದಳು ಅಕ್ಕ, ಮತ್ತು ಅವರ ಕೈಯಿಂದ ಒಂದು ಮಿರ್ಚಿ ತೆಗೆದುಕೊಂಡಳು.